ಕಲ್ಲಿಲ್ಲದ ಪಡಿಯಚ್ಚು

ಇದನ್ನು ಓದಿ ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವನು ನಾನು. ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ಯಾರಾದರೂ ಹೇಳಿದರೆ ಮೊದಲು ನನಗೆ ಬರುವುದು ಸಿಟ್ಟು. ದೇವರು ಮೈಮೇಲೆ ಬರುವುದು, ಸತ್ತವರು ಕನಸಲ್ಲಿ ಬಂದು ನಿಧಿ ತೋರಿಸುವುದು, ಇಂಥ ಮಾತು ಶುರುವಾದರೆ ನಾನು ಎದ್ದು ಹೋಗುವವನು. ನನ್ನ ಹೆಂಡತಿ ಇದಕ್ಕೆ ಇಟ್ಟ ಹೆಸರು ‘ಕೋರ್ಟು ಬುದ್ಧಿ’. ಆ ಬುದ್ಧಿಯಿಂದ ನಾನು ಒಬ್ಬರಿಗೆ ಮಾಡಿದ ನೋವಿನ ವಿಷಯವೂ ಇದರಲ್ಲಿ ಬರುತ್ತದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎಕ್ಕಂಬಿಯಿಂದ ಒಳದಾರಿ ಹಿಡಿದು ಸ್ವಲ್ಪ ದೂರ ಹೋದರೆ ಒಂದು ಪುರಾತನ ಶಿವ ದೇವಸ್ಥಾನವಿದೆ. ಊರಿನ ಹೆಸರು ಬೇಡ. ದೇವಸ್ಥಾನದ ಅಂಗಳದಲ್ಲಿ ಒಂದು ಶಾಸನದ ಕಲ್ಲು ನಿಂತಿದೆ, ಅರ್ಧ ಮಾತ್ರ. ಮೇಲ್ಗಡೆ ಸೂರ್ಯ ಚಂದ್ರ, ಲಿಂಗ, ಹಸು. ಅದರ ಕೆಳಗೆ ಹನ್ನೊಂದು ಸಾಲು ಚೆನ್ನಾಗಿವೆ. ಹನ್ನೆರಡನೆಯ ಸಾಲಿನ ಮಧ್ಯದಲ್ಲೇ ಕಲ್ಲು ಅಡ್ಡಕ್ಕೆ ಮುರಿದಿದೆ. ರಾಜನ ಹೆಸರಿದೆ, ಹೊಗಳಿಕೆಯಿದೆ. ದಾನ ಕೊಟ್ಟವರು ಯಾರು, ಏನು ಕೊಟ್ಟರು ಎನ್ನುವ ಭಾಗವೇ ಇಲ್ಲ. ನಮ್ಮಂಥವರಿಗೆ ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಗಜಾನನ ಮಾಸ್ತರ್ರು ಅಂತ ನಿವೃತ್ತ ಹೈಸ್ಕೂಲು ಮಾಸ್ತರ್ರು ಅಲ್ಲಿ ಪ್ರಬಂಧ ಓದಿದರು. ಅವರು ನನ್ನ ಗುರುಗಳೇ. ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ಭಾನುವಾರ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಹಳೆಯ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದವರು. ಆ ದಿನ ಅವರು ಹೇಳಿದ್ದು ಇಷ್ಟು: ತಾವು ಹೊಸದಾಗಿ ಕೆಲಸಕ್ಕೆ ಸೇರಿದ್ದು ಆ ದೇವಸ್ಥಾನದ ಊರಿನ ಶಾಲೆಗೆ, ಆಗ ಕೆರೆಯ ಹತ್ತಿರ ಶಾಸನದ ಕೆಳಗಿನ ತುಂಡು ಬಿದ್ದಿತ್ತು, ತಾವದನ್ನು ಓದಿ ಬರೆದುಕೊಂಡಿದ್ದರು, ಆಮೇಲೆ ಕಲ್ಲು ಕಾಣೆಯಾಯಿತು. ಏಳು ಸಾಲುಗಳ ಆ ಪಾಠವನ್ನೂ ಓದಿದರು. ‘ಗೌರಬ್ಬೆ ತನ್ನ ಕರುವಂ ನಂದಾದೀವಿಗೆಗೆ ಬಿಟ್ಟಳ್’ ಎಂದು ಅದರಲ್ಲಿತ್ತು. ಗೌರಬ್ಬೆ ಎಂಬ ಹೆಣ್ಣುಮಗಳು ದೇವರ ಮುಂದೆ ಸದಾ ದೀಪ ಉರಿಯಲಿ ಎಂದು ತನ್ನ ಕರುವನ್ನು ದಾನ ಕೊಟ್ಟಳಂತೆ.

ನಾನು ಎದ್ದು ನಿಂತೆ. ಆಗಷ್ಟೇ ಪಿಎಚ್‌ಡಿಗೆ ಸೇರಿದ್ದೆ, ಹೊಸ ಹುರುಪು. ಕಲ್ಲೂ ಇಲ್ಲ, ಕಲ್ಲಿಗೆ ಕಾಗದ ಒತ್ತಿ ತೆಗೆದ ಪಡಿಯಚ್ಚೂ ಇಲ್ಲ, ಒಂದು ಫೋಟೋ ಸಹ ಇಲ್ಲ, ಹಾಗಾದರೆ ಇದು ಶಾಸನವೋ ಕತೆಯೋ ಎಂದು ಕೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. “ದೀಪಕ್ಕೆ ತುಪ್ಪ ಬೇಕು ಅಂತ ಆ ಕಾಲದಲ್ಲಿ ಹಾಲು ಕೊಡುವ ಹಸು ಬಿಡುತ್ತಿದ್ದರು. ಕರು ಹಾಲು ಕೊಡುತ್ತದೆಯೇ ಮಾಸ್ತರ್ರೇ?” ಎಂದುಬಿಟ್ಟೆ. ಸಭೆಯಲ್ಲಿ ಎಲ್ಲರೂ ನಕ್ಕರು. ಮಾಸ್ತರ್ರು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೋದರು. ಪ್ರಬಂಧಗಳ ಪುಸ್ತಕ ಬರುವಾಗ ಸಂಪಾದಕರು ನನ್ನನ್ನು ಕೇಳಿದರು, ಅವರದನ್ನು ಬಿಡಿ ಎಂದು ನಾನೇ ಹೇಳಿದೆ. ಆಮೇಲೆ ಅವರು ಯಾವ ಸಭೆಗೂ ಬರಲಿಲ್ಲ. ಎಲ್ಲಿಯಾದರೂ ಅವರ ಮಾತು ಬಂದರೆ ‘ಕರು ಮಾಸ್ತರ್ರು’ ಎಂದು ನಗುವವರಿದ್ದರು. ಆ ಹೆಸರು ನನ್ನಿಂದ ಬಂದದ್ದು.

ಇನ್ನು ವಿಲ್ಲಾದ ಕತೆ. ಇದಾಗಿ ಎಂಟೊಂಬತ್ತು ವರ್ಷಗಳ ಮೇಲೆ, ಅದೇ ದೇವಸ್ಥಾನದ ಮಗ್ಗುಲಿಗೆ ಹುಬ್ಬಳ್ಳಿ ಕಡೆಯ ಒಬ್ಬರು ಐಷಾರಾಮಿ ರೆಸಾರ್ಟು ಕಟ್ಟಿಸಿದರು. ಬೇರೆಬೇರೆಯಾಗಿ ಹನ್ನೆರಡು ವಿಲ್ಲಾಗಳು, ಪ್ರತಿಯೊಂದಕ್ಕೂ ಹಿಂದೆ ಸಣ್ಣ ಈಜುಕೊಳ, ಸುತ್ತ ಗೋಡೆ. ಬರುವ ಅತಿಥಿಗಳಿಗೆ ಹಂಚಲು ದೇವಸ್ಥಾನದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದುಕೊಡಿ, ಎರಡು ದಿನ ನಮ್ಮಲ್ಲೇ ಉಳಿದುಕೊಳ್ಳಿ ಎಂದು ಕರೆದರು. ಪರೀಕ್ಷೆ ಮುಗಿದ ಏಪ್ರಿಲ್ ತಿಂಗಳು. ದೇವಸ್ಥಾನದ ಕಲ್ಲಿನ ಪಡಿಯಚ್ಚನ್ನು ಹೊಸದಾಗಿ ಒಮ್ಮೆ ತೆಗೆಯುವುದೂ ಇತ್ತು. ಹಾಳೆ, ಬ್ರಶ್ಶು, ಮಸಿಯ ಬಾಟಲಿ ಎಲ್ಲ ಚೀಲಕ್ಕೆ ತುಂಬಿಕೊಂಡು ಹೋದೆ.

ಹೋದ ಗಳಿಗೆಯಿಂದ ಶುರುವಾಯಿತು ನನ್ನ ಗೋಳು. ಬಾಗಿಲಿಗೆ ಬೀಗದ ಕೈಯ ಬದಲು ಒಂದು ಪ್ಲಾಸ್ಟಿಕ್ ಕಾರ್ಡು. ತೋರಿಸಿದರೆ ಕೆಂಪು ದೀಪ. ಮೇಲೆ ಹಿಡಿದರೂ ಕೆಂಪು, ಕೆಳಗೆ ಹಿಡಿದರೂ ಕೆಂಪು. ಮ್ಯಾನೇಜರು ಓಡಿ ಬಂದು, “ಹಿಂಗ್ ಹಿಡೀರಿ ಸರ್, ಸಾವಕಾಶ ಹಿಡೀರಿ” ಎಂದು ತೆಗೆದುಕೊಟ್ಟ. ಒಳಗೆ ಹೋದರೆ ಕರೆಂಟಿಲ್ಲ. ಅದೇ ಕಾರ್ಡನ್ನು ಬಾಗಿಲ ಪಕ್ಕದ ಡಬ್ಬಿಗೆ ಸಿಕ್ಕಿಸಬೇಕಂತೆ. ಸ್ನಾನದ ಮನೆಗೆ ಚಾವಣಿಯೇ ಇಲ್ಲ, ಆಕಾಶ ಕಾಣುತ್ತದೆ. ಹಾಸಿಗೆಯ ಮೇಲೆ ಟವೆಲ್ಲನ್ನು ಬಾತುಕೋಳಿಯ ಹಾಗೆ ಮಡಚಿಟ್ಟಿದ್ದರು, ಅದನ್ನು ಕೆಡಿಸದೆ ಮುಖ ಒರೆಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಮಧ್ಯಾಹ್ನದ ಊಟಕ್ಕೆ ತಂಬುಳಿಯನ್ನು ಕೆಮ್ಮಿನ ಔಷಧಿಯ ಹಾಗೆ ಬೆರಳುದ್ದದ ಗ್ಲಾಸಿನಲ್ಲಿ ಕೊಟ್ಟರು. ಇನ್ನೊಂದು ಸ್ವಲ್ಪ ಹಾಕಿ ಎಂದರೆ ಇನ್ನೊಂದು ಅಂಥದೇ ಗ್ಲಾಸು ಬಂತು.

ಸಂಜೆ ಐದೂವರೆಯ ಹೊತ್ತಿಗೆ ಹಿಂದಿನ ಅಂಗಳದಲ್ಲಿ ಕೊಳದ ಪಕ್ಕ ಕೂತಿದ್ದೆ. ಅಲ್ಲಿ ಒಂದು ಉದ್ದನೆಯ ಚಪ್ಪಡಿಯನ್ನು ಬೆಂಚಿನಂತೆ ಹಾಕಿದ್ದರು. ಎದ್ದು ನಿಂತು ಹಿಂತಿರುಗಿ ನೋಡಿದೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಸವೆದ ಕಲ್ಲನ್ನು ಓದಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಒಂದೊಂದು ಗೆರೆಗೂ ನೆರಳು ಏಳುತ್ತದೆ. ಚಪ್ಪಡಿಯ ಮೇಲೆ ಅಕ್ಷರಗಳಿದ್ದವು.

ಭಯವೇನೂ ಆಗಲಿಲ್ಲ. ನನಗೆ ಬಂದದ್ದು ಸಿಟ್ಟು. ಶಾಸನದ ಕಲ್ಲನ್ನು ತಂದು ಕೂರಲು ಹಾಕಿಕೊಂಡಿದ್ದಾರಲ್ಲ, ಇವರ ಮನೆ ಹಾಳಾಗ ಎಂದು ಬೈದುಕೊಂಡೆ. ಒಂದು ಅಂಚು ಒರಟಾಗಿ ಮುರಿದಿತ್ತು, ಬೂದು ಬಣ್ಣದ ಬಳಪದ ಕಲ್ಲು, ಅಕ್ಷರಗಳ ಸಂದಿನಲ್ಲಿ ಒಣಗಿದ ಪಾಚಿ. ಬೆಳಕು ಹೋಗುವ ಮೊದಲು ಅಚ್ಚು ತೆಗೆಯಬೇಕೆಂದು ಅವಸರ ಮಾಡಿದೆ. ಬ್ರಶ್ಶಿನಿಂದ ಕಲ್ಲು ತೊಳೆದೆ. ನೆನೆಸಿದ ಹಾಳೆ ಹಾಸಿ, ಗಾಳಿ ಉಳಿಯದ ಹಾಗೆ ಬ್ರಶ್ಶಿನಿಂದ ಬಡಿದೆ. ಹಾಗೆ ಬಡಿದಾಗ ಕಾಗದ ಅಕ್ಷರದ ಒಳಗೆ ಇಳಿದು ಕೂರುತ್ತದೆ. ಮೇಲೆ ಮಸಿಯಲ್ಲಿ ಅದ್ದಿದ ಬಟ್ಟೆಯ ಉಂಡೆಯನ್ನು ಹಗುರಾಗಿ ಒತ್ತುತ್ತ ಹೋದರೆ ಹಾಳೆಯೆಲ್ಲ ಕಪ್ಪಾಗಿ, ತಗ್ಗಿಗೆ ಮಸಿ ಮುಟ್ಟದೆ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಹತ್ತು ವರ್ಷಕ್ಕೂ ಮೇಲೆ ಇದೇ ಕೆಲಸ ಮಾಡಿದ ಕೈ, ತಪ್ಪುವುದಿಲ್ಲ.

ಅಷ್ಟರಲ್ಲಿ ಕೆಲಸದ ಹೆಂಗಸು ಚಹಾ ತಂದಳು. ಕಿರವತ್ತಿಯವಳು, ಹೆಸರು ಶಾಂತವ್ವ. “ಏನ್ ಮಾಡಾಕತ್ತೀರಿ ಸರ್, ಕಲ್ಲಿಗೆ ಬಣ್ಣ ಬಳ್ಯಾಕತ್ತೀರೇನು? ಸಾಹೇಬ್ರು ಬೈತಾರ್ರಿ” ಎಂದಳು. ತೊಳೆದರೆ ಹೋಗುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದೆ. ಹಾಳೆ ಅರ್ಧ ಒಣಗಿದ ಮೇಲೆ ಎಬ್ಬಿಸಿ ಒಳಗೆ ತಂದು, ಬೇರೆ ಜಾಗ ಕಾಣದೆ ಆ ದೊಡ್ಡ ಬಿಳಿ ಹಾಸಿಗೆಯ ಮೇಲೆಯೇ ಹರಡಿದೆ. ದೀಪ ಹಾಕಿ ಓದತೊಡಗಿದೆ.

ಏಳು ಸಾಲು. ಮೂರನೆಯ ಸಾಲಿನಲ್ಲಿ ಗೌರಬ್ಬೆ. ತನ್ನ ಕರುವಂ. ನಂದಾದೀವಿಗೆಗೆ ಬಿಟ್ಟಳ್.

ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮಾಸ್ತರ್ರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಇಷ್ಟು ವರ್ಷ ಆ ಮನುಷ್ಯ ನನ್ನಿಂದಾಗಿ ತಲೆ ತಗ್ಗಿಸಿಕೊಂಡು ಬದುಕಿದ್ದರು. ನಾನು ಗುರುವಿಗೇ ಗುರುವಾಗಿ ಮೆರೆದಿದ್ದೆ. ನಾಳೆಯೇ ಕಲ್ಲನ್ನು ನಾಲ್ಕು ಜನರಿಗೆ ತೋರಿಸಿ, ಪತ್ರಿಕೆಗೆ ಬರೆದು, ಮಾಸ್ತರ್ರ ಊರು ನೀಲ್ಕುಂದಕ್ಕೆ ಹೋಗಿ ಅವರ ಕಾಲಿಗೆ ಬೀಳುತ್ತೇನೆ ಎಂದು ನಿಶ್ಚಯ ಮಾಡಿದೆ. ಫೋಟೋ ತೆಗೆಯಲು ಹೊರಟರೆ ಕಾಲೇಜಿನ ಕ್ಯಾಮೆರಾದ ಬ್ಯಾಟರಿ ಸತ್ತಿತ್ತು. ಮಧ್ಯಾಹ್ನ ಚಾರ್ಜಿಗೆ ಹಾಕಿ ಊಟಕ್ಕೆ ಹೋಗಿದ್ದೆ. ಹೋಗುವಾಗ ಕಾರ್ಡನ್ನು ಡಬ್ಬಿಯಿಂದ ಕಿತ್ತುಕೊಂಡು ಹೋದದ್ದರಿಂದ ಕೋಣೆಯ ಕರೆಂಟೇ ಹೋಗಿ, ಒಂದು ಕಡ್ಡಿಯಷ್ಟೂ ಚಾರ್ಜು ಆಗಿರಲಿಲ್ಲ. ಆ ಕಾರ್ಡನ್ನು ಎರಡು ತುಂಡು ಮಾಡಿ ಎಸೆಯಬೇಕೆನಿಸಿತು. ಹೇಗಿದ್ದರೂ ಕತ್ತಲಾಗಿತ್ತು. ಬೆಳಿಗ್ಗೆ ತೆಗೆದರಾಯಿತು, ಕಲ್ಲೇನು ಎದ್ದು ಓಡಿಹೋಗುತ್ತದೆಯೇ ಎಂದುಕೊಂಡು ಸೋಫಾದ ಮೇಲೆ ಮಲಗಿದೆ.

ಬೆಳಿಗ್ಗೆ ಸೂರ್ಯ ಹುಟ್ಟುವಾಗ ಕ್ಯಾಮೆರಾ ಹಿಡಿದು ಹಿಂದಿನ ಬಾಗಿಲು ತೆಗೆದೆ. ಚಪ್ಪಡಿ ಇದ್ದಲ್ಲೇ ಇತ್ತು. ಅದರ ಮೇಲೆ ಒಂದೇ ಒಂದು ಅಕ್ಷರವಿರಲಿಲ್ಲ.

ಬೇರೆ ಕಲ್ಲು ಇರಬೇಕೆಂದು ಅಂಗಳವೆಲ್ಲ ನೋಡಿದೆ. ಇದ್ದದ್ದು ಅದೊಂದೇ. ಕೈಯಾಡಿಸಿದೆ. ನುಣ್ಣಗೆ ಹೊಳಪು ಕೊಟ್ಟ ಗ್ರಾನೈಟು. ನಾಲ್ಕೂ ಅಂಚು ಮಶಿನ್ನಿನಲ್ಲಿ ಕೊಯ್ದ ಹಾಗೆ ನೆಟ್ಟಗಿದ್ದವು. ಆದರೆ ನನ್ನ ಮಸಿ ಅಲ್ಲಿತ್ತು. ಹಾಳೆಯ ಸುತ್ತ ಉಂಡೆ ತಾಗಿದಲ್ಲೆಲ್ಲ ಕಪ್ಪು ಕಲೆ ಉಳಿದಿತ್ತು. ಮೂರು ಕಡೆ ಕಲೆ ನೇರವಾಗಿತ್ತು. ನಾಲ್ಕನೆಯ ಕಡೆ, ಹಿಂದಿನ ಸಂಜೆ ಮುರಿದ ಅಂಚು ಇದ್ದ ಕಡೆ, ನುಣ್ಣನೆಯ ಕಲ್ಲಿನ ಮಧ್ಯದಲ್ಲೇ ಕಲೆ ಅಂಕುಡೊಂಕಾಗಿ ಹೋಗಿ ನಿಂತಿತ್ತು. ಅಲ್ಲಿ ಯಾವ ಮುರುಕೂ ಇಲ್ಲ, ಮಸಿ ಮಾತ್ರ ಮುರುಕನ್ನು ಅನುಸರಿಸಿ ನಿಂತಿದೆ. ಈ ಒಂದು ಸಂಗತಿ ಇವತ್ತಿಗೂ ನನ್ನ ತಲೆ ತಿನ್ನುತ್ತದೆ. ಸಂಜೆ ನಾನು ಕಂಡದ್ದು ಭ್ರಮೆ ಎನ್ನೋಣ, ಆದರೆ ಮಸಿಗೆ ಭ್ರಮೆ ಆಗುವುದು ಹೇಗೆ?

ಮ್ಯಾನೇಜರನ್ನು ಕರೆಸಿ ರೇಗಾಡಿದೆ. ರಾತ್ರಿ ಕಲ್ಲು ಬದಲಿಸಿದಿರಾ ಎಂದು ಕೇಳಿದೆ. ಆತ ಕಲ್ಲು ನೋಡಿದ, ನನ್ನನ್ನು ನೋಡಿದ. “ಸರ್, ಇದನ್ನ ಎತ್ತಾಕ ಆರು ಮಂದಿ ಬೇಕ್ರಿ. ನಾಕ್ ತಿಂಗಳ ಹಿಂದ ಹೊಸಾದ್ ಕೊಯ್ಸಿ ತರಿಸಿದ್ದು. ನಾನಽ ನಿಂತು ಇಳಿಸೀನಿ” ಎಂದ. ಶಾಂತವ್ವಳನ್ನು ಕೇಳಿದೆ. “ಹಾಳಿ ಹಚ್ಚಿ ಬಡ್ಯಾಕತ್ತಿದ್ರಿ, ಅದನ್ನ ನೋಡೇನ್ರಿ. ಕೆಳಗ ಏನಿತ್ತು ಅಂತ ನಾ ಯಾಕ್ ನೋಡ್ಲಿ?” ಎಂದಳು. ಅಷ್ಟರಲ್ಲಿ ಅವಳಿಗೆ ಹಾಸಿಗೆಯ ಬಿಳಿ ಚಾದರಿಗೆ ಹತ್ತಿದ ಮಸಿ ಕಂಡು, ನನ್ನ ಶಾಸನ ಎಲ್ಲರಿಗೂ ಮರೆತುಹೋಗಿ ಚಾದರಿನ ಗಲಾಟೆಯೇ ದೊಡ್ಡದಾಯಿತು. ನಾನು ಲೋಕ ತಲೆಕೆಳಗಾದ ವಿಷಯ ಹೇಳುತ್ತಿದ್ದರೆ ಅವರು ನಿಂಬೆಹಣ್ಣು ತಿಕ್ಕಿದರೆ ಕಲೆ ಹೋಗುತ್ತದೆಯೋ ಇಲ್ಲವೋ ಎಂದು ಚರ್ಚೆ ಮಾಡುತ್ತಿದ್ದರು.

ಹಾಳೆಯನ್ನು ಸುರುಳಿ ಸುತ್ತಿಕೊಂಡು ದೇವಸ್ಥಾನಕ್ಕೆ ನಡೆದೆ. ಅಂಗಳದ ಅರ್ಧ ಕಲ್ಲಿನ ಮುಂದೆ ಮಂಡಿಯೂರಿ ಕೂತು, ಹಾಳೆಯ ಮೇಲಂಚನ್ನು ಕಲ್ಲಿನ ಮುರುಕಿಗೆ ಹಿಡಿದೆ. ಸರಿಯಾಗಿ ಕೂತಿತು. ಹನ್ನೆರಡನೆಯ ಸಾಲಿನ ಅಕ್ಷರಗಳ ತಲೆ ಕಲ್ಲಿನಲ್ಲಿ, ಕಾಲು ನನ್ನ ಹಾಳೆಯಲ್ಲಿ. ಪೂಜೆಗೆ ಬಂದ ಭಟ್ಟರು, “ಎಂತ ಹುಡುಕ್ತಾ ಇದ್ರಿ?” ಎಂದರು. ಏನೂ ಇಲ್ಲ ಎಂದೆ. ಏನೆಂದು ಹೇಳುವುದು?

ಆ ಸಂಜೆ ಅದೇ ಹೊತ್ತಿಗೆ, ಅದೇ ಬಿಸಿಲಿನಲ್ಲಿ ಮತ್ತೆ ಕಾದು ಕೂತೆ. ನೀರು ಹಾಕಿ ನೋಡಿದೆ, ಅಡುಗೆಮನೆಯಿಂದ ಅಕ್ಕಿಹಿಟ್ಟು ತರಿಸಿ ಸವರಿ ನೋಡಿದೆ. ಉಳಿದ ಆರು ಹಾಳೆಗಳನ್ನೂ ಹಚ್ಚಿ ಬಡಿದೆ. ಆರೂ ಬರೀ ಕಪ್ಪು. ಏಳನೆಯ ಹಾಳೆ ಇರಲಿಲ್ಲ, ಇದ್ದಿದ್ದರೆ ಅದನ್ನೂ ಬಡಿಯುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ, ಕಲ್ಲಿಗೆ ಒದ್ದು ಕಾಲ್ಬೆರಳು ಊದಿಸಿಕೊಂಡು ಮರುದಿನ ಶಿರಸಿಗೆ ಬಂದೆ. ಪುಸ್ತಕ ಬರೆದುಕೊಡಲಿಲ್ಲ.

ಆಮೇಲಿನ ಎರಡು ತಿಂಗಳು ನನ್ನ ಬದುಕಿನ ಕೆಟ್ಟ ತಿಂಗಳುಗಳು. ಮಾಸ್ತರ್ರ ಮಾತು ನಿಜವೆಂದು ನಾಲ್ಕು ಜನರ ಎದುರಿಗೆ ಹೇಳಬೇಕಿತ್ತು. ಹೇಳಿದರೆ ಕಲ್ಲು ಎಲ್ಲಿದೆ ಎಂದು ಕೇಳುತ್ತಾರೆ. ರಾತ್ರಿ ಬೆಳಗಾಗುವುದರಲ್ಲಿ ಅಳಿಸಿಹೋಯಿತು ಎನ್ನಲೇ? ಪಡಿಯಚ್ಚನ್ನು ತೋರಿಸಿದರೆ ಪ್ಲಾಸ್ಟರಿನ ಮೇಲೆ ಕೊರೆದು ಅಚ್ಚು ತೆಗೆದಿದ್ದಾನೆ, ಗುರುವಿನ ಮರ್ಯಾದೆ ಉಳಿಸಲು ಕಳ್ಳ ಶಾಸನ ಮಾಡಿದ್ದಾನೆ ಎನ್ನುತ್ತಾರೆ. ಬೇರೆಯವರು ತಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮಾಸ್ತರ್ರೇ ಯಾರಿಂದಲೋ ಕೆತ್ತಿಸಿ ಅಲ್ಲಿಟ್ಟಿರಬಹುದೇ ಎಂಬ ಅನುಮಾನವೂ ಬಂತು. ಆದರೆ ಇಟ್ಟ ಕಲ್ಲು ಬೆಳಗಾಗುವುದರೊಳಗೆ ಹೋದದ್ದೆಲ್ಲಿಗೆ? ಮನೆಯಲ್ಲಿ ಮಾತುಮಾತಿಗೆ ಸಿಡುಕತೊಡಗಿದೆ. ಕೊನೆಗೆ ನನ್ನ ಹೆಂಡತಿಯೇ, “ಊರವ್ಕೆ ಹೇಳಲೆ ಆಗ್ತಿಲ್ಲೆ ಅಂದ್ರೆ ಬಿಡಿ. ಅವ್ರೊಬ್ರಿಗಾದ್ರೂ ಹೇಳಿಕ್ಕೆ ಬನ್ನಿ” ಎಂದಳು.

ನೀಲ್ಕುಂದದಲ್ಲಿ ಮಾಸ್ತರ್ರು ತಮ್ಮನ ಸಂಸಾರದ ಜೊತೆ ಇದ್ದರು. ತುಂಬಿದ ಮನೆ. ಜಗಲಿಯಲ್ಲಿ ಟೀವಿಯಲ್ಲಿ ಕ್ರಿಕೆಟ್ಟು ನಡೆಯುತ್ತಿತ್ತು, ಯಾರೋ ಔಟಾದರೆಂದು ಹುಡುಗರು ಕೂಗುತ್ತಿದ್ದರು. ಮಾಸ್ತರ್ರು ಒಳಗಿನ ಕೋಣೆಯಲ್ಲಿದ್ದರು. ಕಣ್ಣಿನ ಪೊರೆ ಬೆಳೆದು ಸರಿಯಾಗಿ ಕಾಣುತ್ತಿರಲಿಲ್ಲ. ದನಿ ಕೇಳಿ ಗುರುತು ಹಿಡಿದರು.

“ಬಾರಾ ತಮಾ, ಕೂತ್ಗ. ಆಸ್ರಿಗೆ ಎಂತಾ ಅಡ್ಡಿಲ್ಲೆ?” ಎಂದು ಕುಡಿಯಲು ಏನು ಬೇಕೆಂದು ಕೇಳಿದರು. ಏನೂ ನಡೆದೇ ಇಲ್ಲ ಎಂಬ ಹಾಗೆ. ಅವರ ಹೆಂಡತಿ ಮಾದೇವಕ್ಕ ಬೆಲ್ಲ, ನೀರು ತಂದಿಟ್ಟು ಬಾಗಿಲ ಹತ್ತಿರ ಕೂತರು.

ನಾನು ಎಲ್ಲವನ್ನೂ ಹೇಳಿದೆ. ಸುರುಳಿ ಬಿಚ್ಚಿ ಅವರ ತೊಡೆಯ ಮೇಲೆ ಹಾಸಿದೆ. “ಮಾಸ್ತರ್ರೇ, ನಿಮ್ಮ ಓದು ಪೂರಾ ಸರಿ ಇತ್ತು. ಆವತ್ತು ಆನು ಹೇಳಿದ್ದು ತಪ್ಪು. ಎನ್ನ ಕ್ಷಮಿಸವು” ಎಂದೆ. ನನಗೆ ಅಳು ಬಂದಿತ್ತು, ಮುಚ್ಚಿಡಲಿಲ್ಲ.

ಅವರು ಹಾಳೆಯನ್ನು ತಿರುವಿ ಹಾಕಿದರು. ಪಡಿಯಚ್ಚಿನ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿಕೊಂಡಿರುತ್ತವೆ, ಕಣ್ಣಿಲ್ಲದಿದ್ದರೂ ಬೆರಳಿಗೆ ಸಿಗುತ್ತವೆ. ಒಂದೊಂದೇ ಸಾಲು ಸವರುತ್ತ ಹೋದರು. ಮೂರನೆಯ ಸಾಲಿಗೆ ಬಂದು ಅವರ ಕೈ ನಿಂತಿತು. ಮುಖ ಬಿಳುಚಿಕೊಂಡಿತ್ತು. ಸಂತೋಷಪಡುತ್ತಾರೆ ಎಂದುಕೊಂಡಿದ್ದ ನನಗೆ ಹೆದರಿಕೆಯಾಯಿತು.

“ತಮಾ, ಆವತ್ತು ನೀನು ಹೇಳಿದ್ದೇ ಸರಿ” ಎಂದರು. “ಆ ಕೆಳಗಿನ ತುಂಡು ಆನು ಕಂಡಿದ್ದೇ ಇಲ್ಲೆ. ಕೆರೆ ಹತ್ರ ಎಂತ ಕಲ್ಲೂ ಇತ್ತಿಲ್ಲೆ. ಆ ಏಳು ಸಾಲು ಮನೇಲಿ ಕೂತ್ಕಂಡು ಆನೇ ಬರದ್ದು.”

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು.

“ಎಂಗಕ್ಕೆ ಒಂದು ಕೂಸು ಇತ್ತು. ಗೌರಿ. ನೀನು ಶಾಲೆಗೆ ಬಪ್ಪದ್ಕಿಂತ ಮುಂಚೇನೇ ಹೋತು. ಆಗ ಎಂಗ ಆ ಊರಲ್ಲೇ ಇದ್ದಿದ್ಯ. ಅದ್ಕೊಂದು ಕರು ಇತ್ತು, ಯಾರಿಗೂ ಮುಟ್ಲೂ ಕೊಡ್ತಿತ್ತಿಲ್ಲೆ. ಜ್ವರ ಬಂದು ಮಲಗಿದಾಗ, ಅಪ್ಪಯ್ಯಾ, ಎನ್ನ ಕರುವನ್ನ ಈಶ್ವರ ದೇವರಿಗೆ ಬಿಡು, ಗುಣ ಆಗ್ತು ಹೇಳಿ ಒಂದೇ ಸಮನೆ ಹೇಳ್ತಿತ್ತು. ಹುಚ್ಚು ಕೂಸೇ, ಔಷಧಿ ತಗ ಹೇಳಿ ಬೈದೆ. ಕರು ಬಿಟ್ಟಿದ್ನಿಲ್ಲೆ. ಎಂಟೇ ದಿನ.”

ಟೀವಿಯ ಸದ್ದಿನ ನಡುವೆ ಅವರ ಮಾತು ಸಣ್ಣಗೆ ಕೇಳುತ್ತಿತ್ತು. ಆ ದೇವಸ್ಥಾನದ ಅರ್ಧ ಕಲ್ಲು ನೋಡಿದಾಗಲೆಲ್ಲ, ಉಳಿದ ಅರ್ಧದಲ್ಲಿ ಮಗಳ ಹೆಸರು ಹಾಕಬೇಕೆನ್ನಿಸುತ್ತಿತ್ತಂತೆ. ಕಲ್ಲಿನ ಮೇಲೆ ಕೆತ್ತಿಸುವ ಧೈರ್ಯವಿರಲಿಲ್ಲ. ಕಾಗದದ ಮೇಲೆ ಬರೆದುಕೊಂಡರು. ಗೌರಿ ಎಂದರೆ ಆ ಕಾಲಕ್ಕೆ ಹೊಂದುವುದಿಲ್ಲವೆಂದು ಗೌರಬ್ಬೆ ಮಾಡಿದರು. ಕರು ಹಾಲು ಕೊಡುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಹಸು ಎಂದು ತಿದ್ದಲು ಮನಸ್ಸು ಬರಲಿಲ್ಲವಂತೆ. ವಯಸ್ಸಾದ ಮೇಲೆ, ಪುಸ್ತಕದಲ್ಲಿ ಒಮ್ಮೆ ಅಚ್ಚಾದರೆ ಮಗಳ ಹೆಸರು ಉಳಿಯುತ್ತದೆ ಎಂಬ ಆಸೆಗೆ ಬಿದ್ದು ಸಭೆಯಲ್ಲಿ ಓದಿದರು. ಅದನ್ನು ತಡೆದವನು ನಾನು.

ನಾನು ಕಂಗಾಲಾದದ್ದನ್ನು ಹೇಗೆ ಹೇಳಲಿ? ತಪ್ಪೊಪ್ಪಿಕೊಳ್ಳಲು ಹೋದವನಿಗೆ ನಿನ್ನದು ತಪ್ಪೇ ಅಲ್ಲ ಎಂದರು. ಅದರಿಂದ ಮನಸ್ಸು ಹಗುರಾಗುವ ಬದಲು ಇಮ್ಮಡಿ ಭಾರವಾಯಿತು. ಅವರು ಸುಳ್ಳು ಬರೆದದ್ದು ನಿಜ. ಆ ಸುಳ್ಳನ್ನು ನಾನು ಕಲ್ಲಿನ ಮೇಲೆ ಓದಿದ್ದೂ ನಿಜ. ಸಂಕಿರಣದಲ್ಲಿ ಕೇಳಿದ ಸಾಲು ನನ್ನ ತಲೆಯಲ್ಲಿ ಕೂತು ಕಣ್ಣಿಗೆ ಕಂಡಿರಬಹುದು ಎಂದು ಡಾಕ್ಟರು ಗೆಳೆಯನೊಬ್ಬ ಆಮೇಲೆ ಹೇಳಿದ. ಸರಿಯಪ್ಪ, ನನ್ನ ತಲೆಯಲ್ಲಿದ್ದದ್ದು ಕಾಗದದ ಹಿಂದೆ ಉಬ್ಬಿ, ಕಣ್ಣು ಕಾಣದ ಮುದುಕರ ಬೆರಳಿಗೆ ಸಿಕ್ಕದ್ದು ಹೇಗೆ ಎಂದು ಕೇಳಿದರೆ ಅವನು ಮಾತು ಬದಲಿಸಿದ. ಹತ್ತಾರು ವರ್ಷ ಕಳೆದವು. ಮಾಸ್ತರ್ರು ಈಗಿಲ್ಲ. ಆ ವಿಲ್ಲಾದಲ್ಲಿ ಚಪ್ಪಡಿ ಇನ್ನೂ ಇದೆಯಂತೆ, ಜನ ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರಂತೆ. ನೆನಪಾದಾಗಲೆಲ್ಲ ಈಗಲೂ ಸಿಟ್ಟೇ ಬರುತ್ತದೆ. ಇಷ್ಟು ವರ್ಷ ಓದಿ, ಇಷ್ಟು ಕಲ್ಲುಗಳನ್ನು ಸವರಿ, ನನ್ನ ಕೈಯಿಂದಲೇ ಆದದ್ದನ್ನು ನನಗೇ ವಿವರಿಸಲಾಗುವುದಿಲ್ಲವಲ್ಲ ಎಂದು. ತೋರಿಸಲು ಹಾಳೆಯೂ ನನ್ನಲ್ಲಿಲ್ಲ.

ಅದನ್ನು ಆ ದಿನವೇ ಅಲ್ಲಿ ಬಿಟ್ಟು ಬಂದೆ. ಏಳುವ ಹೊತ್ತಿಗೆ ಸುರುಳಿ ಸುತ್ತಲು ಕೈ ಹಾಕಿದ್ದೆ. ಅಷ್ಟು ಹೊತ್ತು ಬಾಗಿಲ ಹತ್ತಿರ ಕೂತಿದ್ದ ಮಾದೇವಕ್ಕ ಎದ್ದು ಬಂದರು. ಅವರಿಗೆ ಈ ಏಳು ಸಾಲಿನ ವಿಷಯ ಅದುವರೆಗೆ ಗೊತ್ತೇ ಇರಲಿಲ್ಲ ಎಂಬುದು ಅವರ ಮುಖ ನೋಡಿ ತಿಳಿಯಿತು. ಗಂಡನ ಕಡೆ ನೋಡಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಹಾಳೆಯ ಮೇಲೆ ಅಂಗೈ ಇಟ್ಟರು.

“ಕಲ್ಲಲ್ಲಿ ಕರು ಬಿಟ್ಟಾತು ಹೇಳೇ ಬರದ್ದು ಇದ್ದನಾ ತಮಾ? ಸಮಾ ನೋಡಿ ಹೇಳು” ಎಂದರು.

ನಾನು ಮತ್ತೊಮ್ಮೆ ನೋಡಿದೆ. ಸಾಲಿನ ಕೊನೆಯಲ್ಲಿ ಬಿಟ್ಟಳ್ ಎಂಬುದು ಉಳಿದೆಲ್ಲಕ್ಕಿಂತ ಸ್ಪಷ್ಟವಾಗಿತ್ತು.

“ಇದ್ದು ಅಕ್ಕಾ” ಎಂದೆ. “ಬಿಟ್ಟಾತು ಹೇಳೇ ಇದ್ದು.”